ಪ್ಲಾಟಿನಂ ಮತ್ತು ಪೆಟ್ರೋಲು: ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ಎಲ್ಲ ವಿದ್ಯಾರ್ಥಿನಿಯರಿಗೆ ಮತ್ತು ವಿದ್ಯಾರ್ಥಿಗಳಿಗೆ,



ಪೆಟ್ರೋಲಿಯಂ ಸಂಶೋಧನೆಯ ಕಾಲ ಮುಗಿಯಿತು, ಬುದ್ಧಿವಂತರಾದವರು ಅತ್ತ ತಲೆಹಾಕಬಾರದು ಎಂಬ ಅಭಿಪ್ರಾಯ ತರಗತಿಗಳಲ್ಲೂ ಹಾಸ್ಟೆಲುಗಳಲ್ಲೂ ತಂದೆತಾಯಿಯರ ಮಾತುಗಳಲ್ಲೂ ದಿನೇ ದಿನೇ ಬಲಗೊಳ್ಳುತ್ತಿದೆ. ವಿದ್ಯುತ್ ವಾಹನಗಳು ಬೀದಿಗಿಳಿದಿರುವುದು, ಹವಾಮಾನ ಬದಲಾವಣೆಯ ಎಚ್ಚರಿಕೆಗಳು ಹೆಚ್ಚುತ್ತಿರುವುದು, ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಯಾವ ವಿಭಾಗದವರನ್ನಾದರೂ ಒಳ್ಳೆಯ ಸಂಬಳಕ್ಕೆ ಕರೆದೊಯ್ಯುತ್ತಿರುವುದು, ಇವೆಲ್ಲವೂ ಆ ಅಭಿಪ್ರಾಯಕ್ಕೆ ಆಧಾರ ಒದಗಿಸಿವೆ. ಇವುಗಳಲ್ಲಿ ಯಾವುದನ್ನೂ ಅಲ್ಲಗಳೆಯುವುದು ಈ ಪತ್ರದ ಉದ್ದೇಶವಲ್ಲ. ನಾಲ್ಕು ವರ್ಷ ಕಲಿತ ವಿದ್ಯೆಯನ್ನು ಬದಿಗಿಟ್ಟು ಬೇರೆ ದಾರಿ ಹಿಡಿಯುವ ಮುನ್ನ, ಆ ವಿದ್ಯೆಯನ್ನೇ ನಂಬಿ ಬಾಳಿದ ಒಬ್ಬ ಎಂಜಿನಿಯರ್ ಏನು ಮಾಡಿದರು, ಅವರ ಕೆಲಸ ಎಲ್ಲಿಯವರೆಗೆ ತಲುಪಿತು, ಅದರಿಂದ ಲಾಭವಾದದ್ದೇನು, ತೊಂದರೆಯಾದದ್ದೇನು ಎಂಬುದನ್ನು ಒಮ್ಮೆ ಪೂರ್ಣವಾಗಿ ಪರಿಶೀಲಿಸಿ ಎಂದು ವಿನಂತಿಸಿಕೊಳ್ಳುವುದಕ್ಕಾಗಿ ಇದನ್ನು ಬರೆಯಲಾಗಿದೆ. ಆ ಎಂಜಿನಿಯರ್ ವ್ಲಾಡಿಮಿರ್ ಹೆನ್ಸೆಲ್. ಜಗತ್ತಿನ ಬಹುತೇಕ ಪೆಟ್ರೋಲ್ ವಾಹನಗಳ ಇಂಧನದಲ್ಲಿ ಅವರ ಆಲೋಚನೆಯ ಫಲ ಯಾವುದಾದರೊಂದು ರೂಪದಲ್ಲಿ ಬೆರೆತಿದ್ದರೂ ಅವರ ಹೆಸರು ಅಂಡರ್‌ಗ್ರಾಜುಯೇಟ್ ಪಠ್ಯಗಳಲ್ಲಿ ಅಪರೂಪವಾಗಿ ಕಾಣಸಿಗುತ್ತದೆ, ಮತ್ತು ಇದು ಪಠ್ಯಗಳ ಒಂದು ಕೊರತೆಯೇ ಸರಿ.

ಹೆನ್ಸೆಲ್ ಹುಟ್ಟಿದ್ದು 1914ರಲ್ಲಿ, ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ. ತಂದೆ ಪಾಲ್ ಹೆನ್ಸೆಲ್ ಮಾಸ್ಕೋದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದರಿಂದ ಮಗನ ಬಾಲ್ಯ ಅಲ್ಲಿಯೇ, ಮಹಾಯುದ್ಧ ಮತ್ತು ಕ್ರಾಂತಿಗಳ ನಡುವೆ ಕಳೆಯಿತು. 1930ರಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ವಲಸೆ ಹೋದ ಹೆನ್ಸೆಲ್ ಐದೇ ವರ್ಷಗಳಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿಯನ್ನೂ, 1937ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ, ಅಂದರೆ ಎಂಐಟಿಯಿಂದ, ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, ಅದೇ ವರ್ಷ ಇಲಿನಾಯ್ ರಾಜ್ಯದ ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯನ್ನು ಸೇರಿದರು. ಯುಒಪಿ ಎಂಬ ಮೂರಕ್ಷರಗಳಿಂದಲೇ ಪರಿಚಿತವಾದ ಈ ಸಂಸ್ಥೆ ಸ್ವತಃ ಎಣ್ಣೆಯನ್ನು ಅಗೆದು ತೆಗೆದು ಮಾರುವ ಸಂಸ್ಥೆಯಾಗಿರದೆ, ಎಣ್ಣೆಯನ್ನು ಸಂಸ್ಕರಿಸುವ ವಿಧಾನಗಳನ್ನು ಕಂಡುಹಿಡಿದು, ಅವುಗಳ ಪರವಾನಗಿಯನ್ನು ಸಣ್ಣ ದೊಡ್ಡ ಶುದ್ಧೀಕರಣಾಗಾರಗಳಿಗೆ ನೀಡಿ, ಬಂದ ಶುಲ್ಕದಿಂದ ಮತ್ತೆ ಸಂಶೋಧನೆ ನಡೆಸುವ ಸಂಸ್ಥೆಯಾಗಿತ್ತು. 1944ರಲ್ಲಿ ಅದರ ಒಡೆತನ ಹೊಂದಿದ್ದ ತೈಲ ಕಂಪನಿಗಳು ತಮ್ಮ ಪಾಲನ್ನು ಒಂದು ನ್ಯಾಸಕ್ಕೆ ಒಪ್ಪಿಸಿ, ಅದರ ಫಲವನ್ನು ಅಮೆರಿಕನ್ ಕೆಮಿಕಲ್ ಸೊಸೈಟಿಗೆ ಮೀಸಲಿಟ್ಟವು. ಪೆಟ್ರೋಲಿಯಂ ಸಂಶೋಧನಾ ನಿಧಿ ಎಂದು ಹೆಸರಾದ ಆ ಹಣದಿಂದ ವಿಶ್ವವಿದ್ಯಾಲಯಗಳ ಮೂಲವಿಜ್ಞಾನದ ಸಂಶೋಧನೆಗೆ ನೆರವು ದೊರೆಯಿತು. ಕಾರ್ಖಾನೆಯ ವಿದ್ಯೆಗೂ ಮೂಲವಿಜ್ಞಾನಕ್ಕೂ ಹೀಗೆ ನೇರವಾದ ಕೊಡುಕೊಳೆ ಏರ್ಪಟ್ಟ ನಿದರ್ಶನಗಳು ಹೆಚ್ಚಿಲ್ಲ.

ಆ ಸಂಸ್ಥೆಯಲ್ಲಿ ಹೆನ್ಸೆಲ್ ಅವರಿಗೆ ದೊರೆತ ದೊಡ್ಡ ಭಾಗ್ಯವೆಂದರೆ ವ್ಲಾಡಿಮಿರ್ ಇಪಾಟಿಯೆಫ್ ಅವರ ಸಹವಾಸ. ರಷ್ಯಾದ ಸೈನ್ಯದಲ್ಲಿ ಜನರಲ್ ಪದವಿಗೇರಿ, ಅಧಿಕ ಒತ್ತಡದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ಅಧ್ಯಯನಕ್ಕೆ ಅಡಿಪಾಯ ಹಾಕಿ, ಅರವತ್ತು ದಾಟಿದ ವಯಸ್ಸಿನಲ್ಲಿ ದೇಶ ತೊರೆದು ಅಮೆರಿಕಕ್ಕೆ ಬಂದಿದ್ದ ಆ ಹಿರಿಯರು ಯುಒಪಿಯಲ್ಲೂ ನಾರ್ತ್‌ವೆಸ್ಟರ್ನ್‌ನಲ್ಲೂ ಏಕಕಾಲಕ್ಕೆ ದುಡಿಯುತ್ತಿದ್ದರು. ಕೆಲಸ ಮಾಡುತ್ತಲೇ ಓದು ಮುಂದುವರಿಸಿದ ಹೆನ್ಸೆಲ್ 1941ರಲ್ಲಿ ನಾರ್ತ್‌ವೆಸ್ಟರ್ನ್‌ನಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಎಂಜಿನಿಯರಿಂಗ್ ಕಲಿತವರು ರಸಾಯನಶಾಸ್ತ್ರದ ಆಳಕ್ಕೆ ಇಳಿಯಲು ಹಿಂಜರಿಯುವುದನ್ನೂ, ರಸಾಯನಶಾಸ್ತ್ರಜ್ಞರು ಲೆಕ್ಕಪತ್ರ ಮತ್ತು ಯಂತ್ರಗಳ ಕಡೆ ಮುಖಮಾಡದಿರುವುದನ್ನೂ ಇಂದಿಗೂ ಕಾಣಬಹುದು; ಈ ಎರಡೂ ಕಡೆಗಳಲ್ಲಿ ಕಾಲೂರಿದ್ದುದೇ ಹೆನ್ಸೆಲ್ ಅವರ ಮುಂದಿನ ಸಾಧನೆಗೆ ಕಾರಣವಾಯಿತೆಂದು ಹೇಳಿದರೆ ತಪ್ಪಾಗದು.

ಅವರು ಎದುರಿಸಿದ ಸಮಸ್ಯೆಯನ್ನು ಅರಿಯಲು ಆಕ್ಟೇನ್ ಸಂಖ್ಯೆ ಎಂದರೇನೆಂಬುದನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ಕಿಡಿ ತಾಗಿದ ಮೇಲೆ ಕ್ರಮವಾಗಿ ಉರಿಯಬೇಕು. ಅದಕ್ಕೆ ಬದಲಾಗಿ ಮಿಶ್ರಣದ ಒಂದು ಭಾಗ ಒತ್ತಡ ಮತ್ತು ಶಾಖಕ್ಕೆ ತಾನಾಗಿಯೇ ಸ್ಫೋಟಿಸಿದರೆ ಎಂಜಿನ್ನಿನಿಂದ ಬಡಿತದ ಸದ್ದು ಕೇಳಿಸುತ್ತದೆ, ಶಕ್ತಿ ವ್ಯರ್ಥವಾಗುತ್ತದೆ, ಪಿಸ್ಟನ್ ಹಾಳಾಗುತ್ತದೆ. ಈ ಬಡಿತವನ್ನು ತಡೆಯುವ ಸಾಮರ್ಥ್ಯದ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋಆಕ್ಟೇನ್ ಎಂಬ ಕವಲೊಡೆದ ಅಣುವಿಗೆ 100, ನಾರ್ಮಲ್ ಹೆಪ್ಟೇನ್ ಎಂಬ ನೇರ ಸರಪಳಿಯ ಅಣುವಿಗೆ 0 ಎಂದು ಗೊತ್ತುಪಡಿಸಿಕೊಂಡು, ಉಳಿದ ಇಂಧನಗಳನ್ನು ಇವುಗಳ ಮಿಶ್ರಣದೊಂದಿಗೆ ಹೋಲಿಸಿ ಅಳೆಯಲಾಗುತ್ತದೆ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದಾಗ ದೊರೆಯುವ ನಾಫ್ತಾ, ಅಂದರೆ ಪೆಟ್ರೋಲಿನ ಕುದಿಬಿಂದುವಿನ ವ್ಯಾಪ್ತಿಗೆ ಸೇರಿದ ಭಾಗ, ಸಾಮಾನ್ಯವಾಗಿ 40ರಿಂದ 60ರ ನಡುವಿನ ಆಕ್ಟೇನ್ ಹೊಂದಿರುತ್ತದೆ. ಭಾರತದ ಬಿಎಸ್ 6, ಅಂದರೆ ಭಾರತ್ ಸ್ಟೇಜ್ 6, ಮಾನದಂಡ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಎಂದು ನಿಗದಿಪಡಿಸಿತು. ಈ ಅಂತರವನ್ನು ತುಂಬುವುದು ಹೇಗೆಂಬುದೇ ಕಳೆದ ಶತಮಾನದ ಪೆಟ್ರೋಲಿಯಂ ಸಂಶೋಧನೆಯ ಬಹುದೊಡ್ಡ ಪ್ರಶ್ನೆಯಾಗಿತ್ತು.

ಅದಕ್ಕೆ ದೊರೆತ ಮೊದಲ ಅಗ್ಗದ ಉತ್ತರ ಸೀಸ. 1921ರಲ್ಲಿ ಜನರಲ್ ಮೋಟಾರ್ಸ್‌ನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್‌ಗ್ಲೆ ಎಂಬ ಎಂಜಿನಿಯರ್, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಬಡಿತ ನಿಲ್ಲುತ್ತದೆಂದು ತೋರಿಸಿದರು. ಸೀಸ ವಿಷವೆಂಬುದು ಆಗ ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಶುದ್ಧೀಕರಣಾಗಾರದಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಭ್ರಮೆಗೊಳಗಾಗಿ ಸತ್ತರು. ಮದ್ಯಸಾರವೂ ಬಡಿತವನ್ನು ತಡೆಯುತ್ತದೆಂಬುದು ಆ ದಿನಗಳಲ್ಲೇ ತಿಳಿದಿದ್ದರೂ ಸೀಸವೇ ಮೇಲುಗೈ ಪಡೆದು, ಮುಂದಿನ ಐದಾರು ದಶಕಗಳ ಕಾಲ ಜಗತ್ತಿನ ನಗರಗಳ ಗಾಳಿಗೆ, ಮಣ್ಣಿಗೆ ಮತ್ತು ಮಕ್ಕಳ ರಕ್ತಕ್ಕೆ ಸೇರಿತು. ಪೆಟ್ರೋಲಿಯಂ ಸಂಶೋಧನೆಯ ಇತಿಹಾಸವನ್ನು ಹೇಳುವವರು ಈ ಅಧ್ಯಾಯವನ್ನು ಹಾರಿಸಿ ಮುಂದೆ ಸಾಗುವುದು ಸಲ್ಲದು. ಅದೇ ಪ್ರಶ್ನೆಗೆ, ಅದೇ ವಿಜ್ಞಾನದ ಚೌಕಟ್ಟಿನಲ್ಲಿ, ಎರಡು ಬಗೆಯ ಉತ್ತರಗಳು ಸಾಧ್ಯವಿದ್ದವು. ಒಂದು ಹೊರಗಿನಿಂದ ವಿಷವೊಂದನ್ನು ಬೆರೆಸುವುದು, ಇನ್ನೊಂದು ಇಂಧನದ ಅಣುವನ್ನೇ ಮರುರೂಪಿಸುವುದು. ಹೆನ್ಸೆಲ್ ನಡೆದದ್ದು ಎರಡನೆಯ ದಾರಿಯಲ್ಲಿ.

ಅಣುವಿನ ಆಕಾರ ಬದಲಾದರೆ ಆಕ್ಟೇನ್ ಬದಲಾಗುತ್ತದೆ. ಆರು ಇಂಗಾಲದ ಪರಮಾಣುಗಳ ಉಂಗುರವುಳ್ಳ ಮಿಥೈಲ್ ಸೈಕ್ಲೋಹೆಕ್ಸೇನ್ ಅಣುವಿನಿಂದ ಜಲಜನಕದ ಮೂರು ಅಣುಗಳನ್ನು ಕಳಚಿದರೆ ಅದು ಟಾಲ್ವೀನ್ ಆಗುತ್ತದೆ, ಮತ್ತು ಟಾಲ್ವೀನಿನ ಆಕ್ಟೇನ್ ಸಂಖ್ಯೆ ನೂರನ್ನು ಮೀರುತ್ತದೆ. ಬೆಂಜೀನ್, ಟಾಲ್ವೀನ್, ಜೈಲೀನ್ ಮೊದಲಾದ ಇಂಥ ಅಣುಗಳನ್ನು ಆರೋಮ್ಯಾಟಿಕ್‌ಗಳೆಂದು ಕರೆಯಲಾಗುತ್ತದೆ. ಜಲಜನಕ ಕಳಚುವ ಈ ಕ್ರಿಯೆಯನ್ನು ನಡೆಸಿಕೊಡಲು ಕ್ರಿಯಾವರ್ಧಕವೊಂದು ಬೇಕು. ಕ್ರಿಯಾವರ್ಧಕವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು. ಪ್ಲಾಟಿನಂ ಲೋಹ ಈ ಕೆಲಸವನ್ನು ಸೊಗಸಾಗಿ ಮಾಡಬಲ್ಲದೆಂದು ಮಾಸ್ಕೋದ ರಸಾಯನಶಾಸ್ತ್ರಜ್ಞ ನಿಕೊಲಾಯ್ ಜೆಲಿನ್ಸ್ಕಿ 1911ರಷ್ಟು ಹಿಂದೆಯೇ ತೋರಿಸಿದ್ದರು. ಆದರೆ ಪ್ಲಾಟಿನಂ ಆಭರಣದ ಅಂಗಡಿಗೆ ಸೇರಿದ ಲೋಹ, ದಿನಕ್ಕೆ ಸಾವಿರಾರು ಪೀಪಾಯಿ ಎಣ್ಣೆ ಹರಿಯುವ ಕಾರ್ಖಾನೆಯಲ್ಲಿ ಅದನ್ನು ಬಳಸುವ ಮಾತೇ ಇಲ್ಲ ಎಂಬುದು ಉದ್ಯಮದಲ್ಲಿ ಯಾರೂ ಪ್ರಶ್ನಿಸದ ತೀರ್ಮಾನವಾಗಿ ನೆಲೆನಿಂತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳಿಗೆ ಬೇಕಾದ ಟಾಲ್ವೀನನ್ನು ನಾಫ್ತಾದಿಂದ ತೆಗೆಯಲು ಬಳಸಿದ್ದು ಮಾಲಿಬ್ಡಿನಂ ಆಕ್ಸೈಡನ್ನು. ಅದರ ಮೇಲೆ ಕೆಲವೇ ಗಂಟೆಗಳಲ್ಲಿ ಇಂಗಾಲದ ಮಸಿ ಕೂರುತ್ತಿದ್ದುದರಿಂದ ಮತ್ತೆ ಮತ್ತೆ ಕ್ರಿಯೆ ನಿಲ್ಲಿಸಿ ಮಸಿಯನ್ನು ಸುಟ್ಟು ತೆಗೆಯಬೇಕಾಗುತ್ತಿತ್ತು.

ಹೆನ್ಸೆಲ್ ಮಾಡಿದ ಕೆಲಸದ ತಿರುಳು ಇರುವುದು ಇಲ್ಲಿ, ಆದ್ದರಿಂದ ಈ ಭಾಗವನ್ನು ವಿದ್ಯಾರ್ಥಿಗಳು ನಿಧಾನವಾಗಿ ಗಮನಿಸುವುದು ಒಳಿತು. ಪ್ಲಾಟಿನಂ ದುಬಾರಿಯೆಂಬ ಮಾತನ್ನು ಅವರು ಅಲ್ಲಗಳೆಯಲಿಲ್ಲ, ಅದನ್ನು ಲೆಕ್ಕದ ಒರೆಗೆ ಹಚ್ಚಿದರು. ಒಂದು ಪೀಪಾಯಿ ಪೆಟ್ರೋಲಿನ ಮೇಲೆ ಬೀಳುವ ಕ್ರಿಯಾವರ್ಧಕದ ವೆಚ್ಚವು ಲೋಹದ ಬೆಲೆಯೊಂದನ್ನೇ ಅವಲಂಬಿಸಿರದೆ, ಎಷ್ಟು ಲೋಹ ಬಳಸಲಾಗಿದೆ, ಅದು ಎಷ್ಟು ಕಾಲ ಬಾಳುತ್ತದೆ, ಸತ್ತುಹೋದಾಗ ಅದಕ್ಕೆ ಮರಳಿ ಜೀವ ಕೊಡಬಹುದೇ, ಕಡೆಗೆ ಆ ಲೋಹವನ್ನು ಹಿಂಪಡೆಯಬಹುದೇ ಎಂಬ ನಾಲ್ಕು ಸಂಗತಿಗಳನ್ನೂ ಅವಲಂಬಿಸಿದೆ. ಹೀಗಿರುವಾಗ, ಉದ್ಯಮ ತಾಳಿಕೊಳ್ಳಬಲ್ಲ ವೆಚ್ಚದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಎಷ್ಟು ಪ್ಲಾಟಿನಂ ಬಳಸಲು ಅವಕಾಶವಿದೆಯೆಂಬುದು ಗೊತ್ತಾಗುತ್ತದೆ. ಅಷ್ಟೇ ಲೋಹದಿಂದ ಕೆಲಸ ನಡೆಯುವಂತೆ ಮಾಡುವುದು ಮುಂದಿನ ಪ್ರಯೋಗಗಳ ಹೊಣೆ. ಅಲ್ಯುಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಸೂಕ್ಷ್ಮ ರಂಧ್ರಗಳಿಂದ ತುಂಬಿದ ವಸ್ತು. ಅದರ ಒಂದೇ ಗ್ರಾಂ ತೂಕದ ಒಳಮೈಯೆಲ್ಲ ಸೇರಿದರೆ ಸುಮಾರು 200 ಚದರ ಮೀಟರ್ ಆಗಬಲ್ಲದು. ಆ ವಿಸ್ತಾರದ ಮೇಲೆ ಪ್ಲಾಟಿನಮನ್ನು ಅತಿ ಸಣ್ಣ ಕಣಗಳಾಗಿ ಹರಡಿದರೆ ಲೋಹದ ಬಹುತೇಕ ಪರಮಾಣುಗಳು ಮೇಲ್ಮೈಯಲ್ಲೇ ಉಳಿದು ದುಡಿಯುತ್ತವೆ, ಒಳಗೆ ಹುದುಗಿ ವ್ಯರ್ಥವಾಗುವ ಲೋಹ ತೀರ ಕಡಿಮೆ. ಇದರ ಜೊತೆಗೆ ಅಲ್ಪ ಪ್ರಮಾಣದ ಕ್ಲೋರಿನ್ ಅಥವಾ ಫ್ಲೋರಿನ್ ಸೇರಿಸಿ ಅಲ್ಯುಮಿನಾಕ್ಕೆ ಆಮ್ಲೀಯ ಗುಣ ಕೊಟ್ಟಾಗ, ಜಲಜನಕವನ್ನು ಕಳಚುವ ಕೆಲಸವನ್ನು ಲೋಹವೂ, ಅಣುವಿನ ಸರಪಳಿಯನ್ನು ಬಾಗಿಸುವ ಕವಲೊಡೆಸುವ ಕೆಲಸವನ್ನು ಆಮ್ಲವೂ ಹಂಚಿಕೊಂಡವು. ಇಂಥ ಕ್ರಿಯಾವರ್ಧಕದ ನೂರು ಕಿಲೋದಲ್ಲಿ ಇರುವ ಪ್ಲಾಟಿನಂ ಇಂದಿಗೂ ಸಾಮಾನ್ಯವಾಗಿ ಅರ್ಧ ಕಿಲೋದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ.

ಪ್ಲಾಟ್‌ಫಾರ್ಮಿಂಗ್ ಎಂದು ಹೆಸರಿಸಲಾದ ಈ ವಿಧಾನದ ಮೊದಲ ವಾಣಿಜ್ಯ ಘಟಕ 1949ರಲ್ಲಿ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನ ಒಂದು ಸಣ್ಣ ಶುದ್ಧೀಕರಣಾಗಾರದಲ್ಲಿ ಆರಂಭವಾಯಿತು. ನಾಫ್ತಾವನ್ನು ಜಲಜನಕದೊಂದಿಗೆ ಬೆರೆಸಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕ್ರಿಯಾವರ್ಧಕದ ಮೂಲಕ ಹರಿಸಲಾಗುತ್ತದೆ. ಜಲಜನಕ ಕಳಚುವ ಕ್ರಿಯೆಯು ಶಾಖವನ್ನು ಹೀರಿಕೊಳ್ಳುವುದರಿಂದ ಹರಿಯುತ್ತ ಹರಿಯುತ್ತ ಮಿಶ್ರಣ ತಣ್ಣಗಾಗುತ್ತದೆ, ಆದ್ದರಿಂದ ಒಂದೇ ದೊಡ್ಡ ಪಾತ್ರೆಯ ಬದಲು ಮೂರು ನಾಲ್ಕು ರಿಯಾಕ್ಟರುಗಳನ್ನು ಸಾಲಾಗಿ ಇಟ್ಟು ನಡುನಡುವೆ ಕುಲುಮೆಗಳಲ್ಲಿ ಮತ್ತೆ ಕಾಯಿಸಬೇಕಾಗುತ್ತದೆ. ಒಂದು ಚಿತ್ರವನ್ನು ನೋಡಿ ಕಂಠಪಾಠ ಮಾಡುವ ವಿದ್ಯಾರ್ಥಿಗೆ ಈ ಸಾಲು ರಿಯಾಕ್ಟರುಗಳು ಕೇವಲ ಪೆಟ್ಟಿಗೆಗಳು. ಉಷ್ಣಬಲವಿಜ್ಞಾನವನ್ನು ಅರಿತು ನೋಡುವವರಿಗೆ ಆ ನಕ್ಷೆಯ ಪ್ರತಿಯೊಂದು ಗೆರೆಗೂ ಕಾರಣವಿದೆ. ಮಸಿ ಕೂರುವುದನ್ನು ತಡೆಯಲು ಜಲಜನಕವನ್ನು ಒತ್ತಡದಲ್ಲಿ ಇರಿಸಲಾಯಿತು, ಗಂಧಕ ಪ್ಲಾಟಿನಮ್ಮಿಗೆ ವಿಷವಾದ್ದರಿಂದ ನಾಫ್ತಾವನ್ನು ಮೊದಲೇ ಗಂಧಕಮುಕ್ತಗೊಳಿಸುವುದು ಅನಿವಾರ್ಯವಾಯಿತು. 1960ರ ದಶಕದ ಕೊನೆಯಲ್ಲಿ ಪ್ಲಾಟಿನಂ ಜೊತೆ ರೀನಿಯಂ ಸೇರಿಸುವ ಸುಧಾರಣೆ ಬೇರೊಂದು ಕಂಪನಿಯಿಂದ ಬಂದಿತು, 1970ರ ದಶಕದ ಆರಂಭದಲ್ಲಿ ಕ್ರಿಯಾವರ್ಧಕವನ್ನು ಸತತವಾಗಿ ಹೊರತೆಗೆದು ಮಸಿ ಸುಟ್ಟು ಮರಳಿ ಒಳಗೆ ಕಳಿಸುವ ಸಿಸಿಆರ್ ವಿಧಾನವನ್ನು ಯುಒಪಿಯೇ ಬಳಕೆಗೆ ತಂದಿತು. ಮಂಗಳೂರು ರಿಫೈನರಿಯಲ್ಲಿರುವ ಎರಡು ಸಿಸಿಆರ್ ಘಟಕಗಳು ಇದೇ ವಂಶಕ್ಕೆ ಸೇರಿದವು. ಅಲ್ಲಿಗೆ ಕೈಗಾರಿಕಾ ಭೇಟಿಗೆಂದು ಹೋಗುವ ವಿದ್ಯಾರ್ಥಿಗಳು ಎತ್ತರದ ಆ ರಿಯಾಕ್ಟರ್ ಗೋಪುರವನ್ನು ಕಂಡೇ ಕಾಣುತ್ತಾರೆ.

ಈ ಸಾಧನೆಯ ಹಿಂದಿನ ದಿನಚರಿ ಹೇಗಿರುತ್ತದೆಂಬುದನ್ನೂ ತಿಳಿಯಬೇಕು, ಏಕೆಂದರೆ ಈ ವೃತ್ತಿಯನ್ನು ಆರಿಸಿಕೊಳ್ಳುವವರು ಬದುಕಬೇಕಾದುದು ಪ್ರಶಸ್ತಿಗಳೊಂದಿಗಲ್ಲ, ಆ ದಿನಚರಿಯೊಂದಿಗೆ. ಪೆಟ್ರೋಲಿಯಂ ಸಂಶೋಧಕರ ಕೆಲಸ ಬೆರಳ ಗಾತ್ರದ ಉಕ್ಕಿನ ಕೊಳವೆಯೊಳಗೆ ಹಿಡಿಯಷ್ಟು ಕ್ರಿಯಾವರ್ಧಕ ತುಂಬಿ ಅದರ ಮೇಲೆ ಎಣ್ಣೆಯ ಆವಿಯನ್ನು ಹರಿಸುವುದರಿಂದ ಆರಂಭವಾಗುತ್ತದೆ. ಒಳಹೋದ ತೂಕ ಮತ್ತು ಹೊರಬಂದ ತೂಕ ಹೊಂದಿಕೆಯಾಗದಿದ್ದರೆ ಆ ಪ್ರಯೋಗವನ್ನು ಕಸದ ಬುಟ್ಟಿಗೆ ಹಾಕಿ ಸೋರಿಕೆ ಹುಡುಕಬೇಕು. ಹೊಂದಿಕೆಯಾದರೆ ಅನಿಲ ಮತ್ತು ದ್ರವಗಳನ್ನು ವಿಶ್ಲೇಷಿಸಿ, ಉಷ್ಣತೆಯನ್ನು ಐದಾರು ಡಿಗ್ರಿ ಬದಲಿಸಿ ಮತ್ತೆ ಅದನ್ನೇ ಮಾಡಬೇಕು. ಅಲ್ಲಿ ಗೆದ್ದದ್ದು ಪೈಲಟ್ ಪ್ಲಾಂಟ್ ಎಂಬ ಮಧ್ಯಮ ಗಾತ್ರದ ಮಾದರಿ ಘಟಕದಲ್ಲಿ ಸೋಲುವುದುಂಟು, ಏಕೆಂದರೆ ಪಾತ್ರೆ ದೊಡ್ಡದಾದಂತೆ ಶಾಖದ ಹಂಚಿಕೆಯೂ ಹರಿವಿನ ಸ್ವರೂಪವೂ ಬೇರೆಯಾಗುತ್ತವೆ. ಮಾದರಿ ಘಟಕ ಹಗಲಿರುಳು ನಡೆಯುವುದರಿಂದ ರಾತ್ರಿ ಪಾಳಿಯ ಆಪರೇಟರುಗಳು ಬರೆದಿಟ್ಟ ಪುಸ್ತಕವನ್ನು ಬೆಳಿಗ್ಗೆ ಓದುವುದು ಸಂಶೋಧಕರ ಮೊದಲ ಕೆಲಸ, ಮತ್ತು ಆ ಆಪರೇಟರುಗಳ ಅನುಭವಕ್ಕೆ ಬೆಲೆ ಕೊಡದ ಸಂಶೋಧಕರು ಈ ಕ್ಷೇತ್ರದಲ್ಲಿ ಬಹುದೂರ ಸಾಗುವುದಿಲ್ಲ. ಹೆನ್ಸೆಲ್ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟುಗಳಿದ್ದರೂ ಅವುಗಳ ಹಿಂದೆ ಇಂಥ ಅನೇಕ ಹೆಸರಿಲ್ಲದ ಕೈಗಳು ದುಡಿದಿವೆ. ಮುಂದೆ ಅವರು ಸಂಸ್ಥೆಯ ಸಂಶೋಧನಾ ವಿಭಾಗದ ಉಪಾಧ್ಯಕ್ಷರಾದರು, 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವನ್ನೂ 1997ರಲ್ಲಿ ಎಂಜಿನಿಯರಿಂಗ್ ಕ್ಷೇತ್ರದ ಬಹು ಪ್ರತಿಷ್ಠಿತ ಡ್ರೇಪರ್ ಪ್ರಶಸ್ತಿಯನ್ನೂ ಪಡೆದರು. 1979ರಲ್ಲಿ ಕಂಪನಿಯಿಂದ ನಿವೃತ್ತರಾದ ಬಳಿಕ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿ, ಹೊಸ ತಲೆಮಾರಿಗೆ ಕೆಮಿಕಲ್ ಎಂಜಿನಿಯರಿಂಗ್ ಕಲಿಸಿದರು. 2002ರಲ್ಲಿ ಅವರು ತೀರಿಕೊಂಡರು.

ಪ್ಲಾಟ್‌ಫಾರ್ಮಿಂಗ್‌ನ ಪರಿಣಾಮಗಳನ್ನು ಹೇಳುವಾಗ ಹೊಗಳಿಕೆಗಷ್ಟೇ ನಿಲ್ಲುವುದು ಪ್ರಾಮಾಣಿಕವಾಗದು. ಸೀಸವಿಲ್ಲದೆ ಉನ್ನತ ಆಕ್ಟೇನ್ ಪೆಟ್ರೋಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿ ತೆರೆದದ್ದು ಅದರ ಅತಿ ದೊಡ್ಡ ಉಪಕಾರ. ವಾಹನದ ಹೊಗೆಯಲ್ಲಿರುವ ವಿಷಾನಿಲಗಳನ್ನು ನಿರಪಾಯಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಕೊಳವೆಗೆ ಅಳವಡಿಸುವ ಕ್ರಿಯಾವರ್ಧಕದ ಪೆಟ್ಟಿಗೆ, ಪ್ಲಾಟಿನಂ ವರ್ಗದ ಲೋಹಗಳಿಂದಲೇ ಕೆಲಸ ಮಾಡುತ್ತದೆ, ಮತ್ತು ಸೀಸ ಅದನ್ನು ಬೇಗನೆ ಕೊಲ್ಲುತ್ತದೆ. ಹೀಗಾಗಿ ಸೀಸರಹಿತ ಪೆಟ್ರೋಲು ಇಲ್ಲದೆ ಕನ್ವರ್ಟರ್ ಇಲ್ಲ. ಈ ಕನ್ವರ್ಟರುಗಳ ಸಂಶೋಧನೆಯಲ್ಲೂ ಹೆನ್ಸೆಲ್ ಮತ್ತು ಅವರ ಸಂಸ್ಥೆಯವರು ತೊಡಗಿದ್ದರೆಂಬುದು ಗಮನಾರ್ಹ, ಏಕೆಂದರೆ ತಾವು ತಯಾರಿಸಿದ ಇಂಧನ ಉರಿದ ಮೇಲೆ ಏನಾಗುತ್ತದೆಂಬುದರ ಹೊಣೆಯನ್ನೂ ಅವರು ತಮ್ಮ ವಿದ್ಯೆಯ ವ್ಯಾಪ್ತಿಗೆ ಸೇರಿಸಿಕೊಂಡರು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಮತ್ತು ಸೀಸರಹಿತ ಪೆಟ್ರೋಲು ಬಂದವು, 2000ದ ಫೆಬ್ರುವರಿಯಿಂದ ದೇಶಾದ್ಯಂತ ಸೀಸಮಿಶ್ರಿತ ಪೆಟ್ರೋಲು ನಿಂತಿತು. ಇಂದು ಕಾಲೇಜಿನಲ್ಲಿರುವ ಪೀಳಿಗೆಯು ಸೀಸದ ಹೊಗೆಯಿಲ್ಲದ ಬೀದಿಗಳಲ್ಲಿ ಬೆಳೆದ ಮೊದಲ ಪೀಳಿಗೆ, ಮತ್ತು ಅದಕ್ಕೆ ಕಾರಣರಾದವರಲ್ಲಿ ನ್ಯಾಯಾಲಯಗಳು, ವೈದ್ಯರು, ಹೋರಾಟಗಾರರ ಜೊತೆಗೆ ಕ್ರಿಯಾವರ್ಧಕಗಳೊಂದಿಗೆ ದುಡಿದ ಎಂಜಿನಿಯರುಗಳೂ ಇದ್ದಾರೆ.

ಇನ್ನೊಂದು ಮಗ್ಗುಲೂ ಇದೆ. ಈ ವಿಧಾನದಿಂದಲೇ ಹುಟ್ಟುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತುವೆಂದು ಖಚಿತವಾದ ಬಳಿಕ ಪೆಟ್ರೋಲಿನಲ್ಲಿ ಅದು ಶೇಕಡಾ 1ನ್ನು ಮೀರಬಾರದೆಂಬ ನಿಯಮ ಬಂದಿತು, ಅದನ್ನು ಪಾಲಿಸಲು ಮತ್ತೆ ಹೊಸ ಸಂಶೋಧನೆ ಬೇಕಾಯಿತು. ಇದೇ ವಿಧಾನದಿಂದ ದೊರೆಯುವ ಜೈಲೀನ್ ಬಗೆಗಳಲ್ಲೊಂದಾದ ಪ್ಯಾರಾಜೈಲೀನಿನಿಂದ ಪಾಲಿಯೆಸ್ಟರ್ ಬಟ್ಟೆಯೂ ಪೆಟ್ ಬಾಟಲಿಯೂ ಆಗುತ್ತವೆ. ಬಡವರ ಮೈಮುಚ್ಚಿದ ಬಟ್ಟೆ ಮತ್ತು ನದಿಗಳನ್ನು ತುಂಬಿದ ಬಾಟಲಿ ಎರಡಕ್ಕೂ ಮೂಲ ಒಂದೇ. ಕ್ರಿಯೆಯಲ್ಲಿ ಉಪೋತ್ಪನ್ನವಾಗಿ ಹೊರಬರುವ ಜಲಜನಕ ಮಾತ್ರ ನಿರೀಕ್ಷೆಗೂ ಮೀರಿದ ವರವಾಯಿತು, ಏಕೆಂದರೆ ಡೀಸೆಲ್‌ನಿಂದ ಗಂಧಕವನ್ನು ತೆಗೆಯಲು ಬೇಕಾದದ್ದು ಅದೇ. 1990ರ ದಶಕದ ಆರಂಭದಲ್ಲಿ ಭಾರತದ ಡೀಸೆಲ್‌ನಲ್ಲಿ ಶೇಕಡಾ 1ರವರೆಗೆ ಗಂಧಕವಿರಲು ಅವಕಾಶವಿತ್ತು. ಬಿಎಸ್ 4ರಲ್ಲಿ ಅದು ದಶಲಕ್ಷಕ್ಕೆ 50 ಭಾಗಕ್ಕೂ, 2020ರ ಏಪ್ರಿಲ್ 1ರಂದು ಬಿಎಸ್ 5ನ್ನು ಬಿಟ್ಟು ನೇರವಾಗಿ ಬಿಎಸ್ 6ಕ್ಕೆ ಜಿಗಿದಾಗ 10 ಭಾಗಕ್ಕೂ ಇಳಿಯಿತು. ಈ ಇಳಿಕೆಯ ಹಿಂದೆ ಜಲಜನಕವಿದೆ, ಕೋಬಾಲ್ಟ್ ಮತ್ತು ಮಾಲಿಬ್ಡಿನಂ ಕ್ರಿಯಾವರ್ಧಕಗಳಿವೆ, ಅವನ್ನು ಹದಗೊಳಿಸಿದ ಸಂಶೋಧಕರ ಶ್ರಮವಿದೆ.

ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಹೆನ್ಸೆಲ್ ಎಂಐಟಿಯಿಂದ ಹೊರಬಂದ 1937ರಲ್ಲೇ ಅಲ್ಲಿಂದ ಮಾರ್ಗರೆಟ್ ಹಚಿನ್ಸನ್ ಎಂಬ ಟೆಕ್ಸಸ್‌ನ ಯುವತಿ, ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದ ಅಮೆರಿಕದ ಮೊದಲ ಮಹಿಳೆಯಾಗಿ ಹೊರಬಂದರು. ಪೆಟ್ರೋಲಿಯಂ ಬಟ್ಟಿ ಇಳಿಸುವ ಸ್ತಂಭಗಳ ವಿನ್ಯಾಸದಲ್ಲಿ ಪಳಗಿದ್ದ ಅವರು ಯುದ್ಧಕಾಲದಲ್ಲಿ ವಿಮಾನಗಳ ಉನ್ನತ ಆಕ್ಟೇನ್ ಇಂಧನದ ಘಟಕಗಳಿಗೆ ದುಡಿದದ್ದಲ್ಲದೆ, ಪೆನಿಸಿಲಿನ್ ಔಷಧವನ್ನು ಆಳವಾದ ತೊಟ್ಟಿಗಳಲ್ಲಿ ಹುದುಗಿಸಿ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸುವ ಮೊದಲ ಕಾರ್ಖಾನೆಯ ವಿನ್ಯಾಸವನ್ನೂ ಮಾಡಿದರು. ಶಿಲೀಂಧ್ರಕ್ಕೂ ಕಚ್ಚಾ ತೈಲಕ್ಕೂ ಹೊರನೋಟಕ್ಕೆ ಸಂಬಂಧವಿಲ್ಲ. ಆದರೆ ದ್ರವ್ಯರಾಶಿಯ ವರ್ಗಾವಣೆ, ಶಾಖದ ವರ್ಗಾವಣೆ, ಪ್ರಮಾಣವನ್ನು ಹಿಗ್ಗಿಸುವ ವಿದ್ಯೆ ಎರಡಕ್ಕೂ ಒಂದೇ. ಪೆಟ್ರೋಲಿಯಂ ಕ್ಷೇತ್ರದಲ್ಲಿ ಕಲಿತದ್ದು ಪೆಟ್ರೋಲಿಯಂ ಜೊತೆಗೇ ಮುಗಿದುಹೋಗುತ್ತದೆಂಬ ಭಯಕ್ಕೆ ಇದಕ್ಕಿಂತ ನೇರವಾದ ಸಮಾಧಾನ ಸಿಗಲಾರದು.

ಅದೇ ಮಾತು ಇಂದಿನ ಭಾರತಕ್ಕೂ ಸಲ್ಲುತ್ತದೆ. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಹಾರಿದ ವಿಮಾನವೊಂದರ ಇಂಧನದಲ್ಲಿ ಜಟ್ರೋಫಾ ಬೀಜದ ಎಣ್ಣೆಯಿಂದ ತಯಾರಾದ ಭಾಗವೂ ಇತ್ತು, ಮತ್ತು ಆ ವಿಧಾನವನ್ನು ರೂಪಿಸಿದ್ದು 1960ರಲ್ಲಿ ಸ್ಥಾಪಿತವಾದ ಭಾರತೀಯ ಪೆಟ್ರೋಲಿಯಂ ಸಂಸ್ಥೆ. ಬೀಜದ ಎಣ್ಣೆಯಿಂದ ಆಮ್ಲಜನಕವನ್ನು ಕಳಚಿ, ಅಣುಗಳನ್ನು ಕವಲೊಡೆಸಿ, ಆಕಾಶದ ಚಳಿಯಲ್ಲೂ ಹೆಪ್ಪುಗಟ್ಟದ ಇಂಧನ ಮಾಡುವ ಆ ಕ್ರಿಯೆಗೆ ಬೇಕಾದ ಜ್ಞಾನ, ಕಚ್ಚಾ ತೈಲದ ಮೇಲೆ ದಶಕಗಳ ಕಾಲ ದುಡಿದು ಗಳಿಸಿದ ಜ್ಞಾನವೇ ಆಗಿತ್ತು. ಕರ್ನಾಟಕದಲ್ಲಿಯೂ ಇಂಥ ಕೆಲಸಕ್ಕೆ ನೆಲೆಯಿದೆ. ಹೊಸಕೋಟೆ ಕಡೆಯ ದೇವನಗೊಂದಿಯಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಯ ಹಸಿರು ಸಂಶೋಧನಾ ಕೇಂದ್ರವಿದೆ, ಬೆಂಗಳೂರಿನ ಹೊರವಲಯದಲ್ಲಿ ಶೆಲ್ ಕಂಪನಿಯ ತಂತ್ರಜ್ಞಾನ ಕೇಂದ್ರವಿದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮತ್ತು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳಿವೆ. ಸುರತ್ಕಲ್‌ನಿಂದ ಅನತಿದೂರದಲ್ಲಿ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲವನ್ನು ಸಂಸ್ಕರಿಸಬಲ್ಲ ಮಂಗಳೂರು ರಿಫೈನರಿ ಇದೆ. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ಅನೇಕ ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟಿವೆ ಎಂಬುದನ್ನು ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಮರೆಯಬಾರದು. ಆ ಕುಟುಂಬಗಳ ಬಾವಿಯ ನೀರು, ಉಸಿರಾಡುವ ಗಾಳಿ ಶುದ್ಧವಾಗಿರುವಂತೆ ನೋಡಿಕೊಳ್ಳುವುದು ಕೆಮಿಕಲ್ ಎಂಜಿನಿಯರುಗಳು ತೀರಿಸಬೇಕಾದ ಋಣ.

ಇಂಗಾಲದ ಡೈಆಕ್ಸೈಡಿನ ಪ್ರಶ್ನೆಗೆ ಹೆನ್ಸೆಲ್ ಅವರ ವಿಧಾನದಲ್ಲಿ ಉತ್ತರವಿಲ್ಲ, ಇದನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು. ಎಷ್ಟೇ ಶುದ್ಧಗೊಳಿಸಿದರೂ ಪೆಟ್ರೋಲು ಉರಿದರೆ ಭೂಮಿ ಬಿಸಿಯಾಗುತ್ತದೆ. ಆದರೂ ಕೋಟ್ಯಂತರ ಹಳೆಯ ವಾಹನಗಳು, ಹಡಗುಗಳು, ವಿಮಾನಗಳು, ಗೊಬ್ಬರದ ಕಾರ್ಖಾನೆಗಳು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಬದಲಾಗುವವರೆಗೆ ಅವುಗಳಿಂದಾಗುವ ಕೇಡನ್ನು ತಗ್ಗಿಸಲು ಜನ ಬೇಕು, ಮತ್ತು ನೀರಿನಿಂದ ಜಲಜನಕ ತೆಗೆಯುವ, ಹೊಗೆಯಿಂದ ಇಂಗಾಲವನ್ನು ಹಿಡಿದಿಡುವ, ಕಬ್ಬಿನ ಸಿಪ್ಪೆಯಿಂದ ಮದ್ಯಸಾರ ಮಾಡುವ ಹೊಸ ವಿಧಾನಗಳನ್ನು ಕಾರ್ಖಾನೆಯ ಗಾತ್ರಕ್ಕೆ ಹಿಗ್ಗಿಸಬಲ್ಲವರು ಕ್ರಿಯಾವರ್ಧಕ, ರಿಯಾಕ್ಟರ್ ಮತ್ತು ಲೆಕ್ಕಪತ್ರಗಳ ಸಹವಾಸದಲ್ಲಿ ಬೆಳೆದವರೇ ಆಗಿರುತ್ತಾರೆ. ಈ ಕ್ಷೇತ್ರಕ್ಕೆ ಕಾಳಜಿಯುಳ್ಳ ಯುವಕ ಯುವತಿಯರು ಬರದೇ ಹೋದರೆ, ಅದು ಕಾಳಜಿಯಿಲ್ಲದವರ ಕೈಯಲ್ಲಿ ಉಳಿಯುತ್ತದೆ.

ಆದ್ದರಿಂದ ಕೆಲವು ನಿರ್ದಿಷ್ಟ ಬಿನ್ನಹಗಳು. ಅಂತಿಮ ವರ್ಷದ ಪ್ರಾಜೆಕ್ಟನ್ನು ಯಾರೋ ಮಾಡಿಟ್ಟದ್ದನ್ನು ಹಣ ಕೊಟ್ಟು ತಂದು ಒಪ್ಪಿಸುವ ರೂಢಿಯನ್ನು ದಯವಿಟ್ಟು ತೊರೆಯಿರಿ. ಕಾಲೇಜಿನ ಪ್ರಯೋಗಾಲಯದಲ್ಲಿ ತುಕ್ಕು ಹಿಡಿದಿರುವ ಸಣ್ಣ ರಿಯಾಕ್ಟರನ್ನೇ ದುರಸ್ತಿ ಮಾಡಿ, ಒಳಹೋದ ಮತ್ತು ಹೊರಬಂದ ತೂಕಗಳನ್ನು ಹೊಂದಿಸಿ ತೋರಿಸುವ ಪ್ರಾಜೆಕ್ಟು ಕಂಪ್ಯೂಟರಿನಲ್ಲಿ ಮೂಡಿದ ಹತ್ತು ಸುಂದರ ಚಿತ್ರಗಳಿಗಿಂತ ಹೆಚ್ಚು ಕಲಿಸುತ್ತದೆ. ಆಯ್ಕೆಯ ವಿಷಯಗಳ ಪಟ್ಟಿಯಲ್ಲಿ ಕ್ಯಾಟಲಿಸಿಸ್ ಇದ್ದರೆ, ಅಂಕ ಕಡಿಮೆ ಬರುತ್ತದೆಂಬ ಭಯ ಬಿಟ್ಟು ಅದನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಅದನ್ನು ಸೇರಿಸುವಂತೆ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸೇರಿ ಕೇಳಿ. ಕೈಗಾರಿಕಾ ಭೇಟಿಯನ್ನು ಪ್ರವಾಸವಾಗಿ ಮುಗಿಸದೆ, ಘಟಕದ ಆಪರೇಟರುಗಳೊಂದಿಗೆ ಮಾತನಾಡಿ, ಕ್ರಿಯಾವರ್ಧಕವನ್ನು ಎಷ್ಟು ಕಾಲಕ್ಕೊಮ್ಮೆ ಬದಲಿಸಲಾಗುತ್ತದೆ, ಹಳೆಯದು ಎಲ್ಲಿಗೆ ಹೋಗುತ್ತದೆ, ಗಂಧಕ ಎಲ್ಲಿ ಸೇರುತ್ತದೆ, ಕೊಳಕು ನೀರು ಯಾವ ದಾರಿ ಹಿಡಿಯುತ್ತದೆ ಎಂಬ ಪ್ರಶ್ನೆಗಳನ್ನು ಕೇಳಿ. ಗೇಟ್ ಪರೀಕ್ಷೆ ಬರೆಯುವವರು ಸರಕಾರಿ ತೈಲ ಕಂಪನಿಯ ನೌಕರಿಯೊಂದನ್ನೇ ಗುರಿಯಾಗಿಸದೆ, ಡೆಹ್ರಾಡೂನ್, ಫರೀದಾಬಾದ್, ಬೆಂಗಳೂರುಗಳ ಸಂಶೋಧನಾ ಕೇಂದ್ರಗಳಿಗೂ ಪಿಎಚ್‌ಡಿ ವ್ಯಾಸಂಗಕ್ಕೂ ಅರ್ಜಿ ಹಾಕಿ. ಮಕ್ಕಳ ಸಂಬಳದ ಲೆಕ್ಕದಲ್ಲಿ ಮುಳುಗಿರುವ ತಂದೆತಾಯಿಯರಿಗೆ, ಸಂಶೋಧನಾ ವೃತ್ತಿಯಲ್ಲಿ ಮೊದಲ ಕೆಲವು ವರ್ಷ ಕೈ ಬಿಗಿಯಾಗಿದ್ದರೂ ಮರ್ಯಾದೆಯ ಬದುಕು ಸಾಧ್ಯವೆಂಬುದನ್ನು ತಾಳ್ಮೆಯಿಂದ ವಿವರಿಸಿ. ಅಧ್ಯಾಪಕರೊಬ್ಬರು ಯಾವುದಾದರೂ ವಸ್ತುವನ್ನು ದುಬಾರಿಯೆಂದೋ ಅಸಾಧ್ಯವೆಂದೋ ತಳ್ಳಿಹಾಕಿದಾಗ, ವಿನಯದಿಂದಲೇ, ಒಂದು ಲೀಟರಿಗೆ ಅದರ ವೆಚ್ಚ ಎಷ್ಟು ಬೀಳುತ್ತದೆಂದು ಕೇಳಿ, ಉತ್ತರ ಸಿಗದಿದ್ದರೆ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಿ.



ಇತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ,
ಈ ಪತ್ರದ ಲೇಖಕರು